‘ಪ್ರಿಫರ್’ ಆದ ಮೇಲೆ ಯಾರು ಬರುತ್ತಾರೆ?

‘ಐ ಪ್ರಿಫರ್...’ ಎಂದು ಶುರುಮಾಡಿದ ಸುಮತಿ ಅಲ್ಲಿಗೇ ನಿಂತಳು.

ನಮ್ಮ ಶನಿವಾರದ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಅವಳೇ ಚುರುಕು. (ಕ್ಲಾಸು ಎಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಊಟಿಯ ನಮ್ಮ ಮನೆಯ ಮುಂದಿನ ಕೋಣೆ, ಒಂದು ಬಿಳಿ ಬೋರ್ಡು, ಕೆಲವು ಪ್ಲಾಸ್ಟಿಕ್ ಕುರ್ಚಿ. ಅಷ್ಟೇ.) ಅವಳಿಗೆ ಒಂದು ಹೋಟೆಲಿನ ಫ್ರಂಟ್ ಆಫೀಸ್ ಕೆಲಸಕ್ಕೆ ಇಂಟರ್‌ವ್ಯೂ ಬಂದಿತ್ತು. ಅಲ್ಲಿ ಈ ‘ಪ್ರಿಫರ್’ ಪ್ರಶ್ನೆ ಗ್ಯಾರಂಟಿ. ನಿಮಗೆ ಹಗಲು ಶಿಫ್ಟ್ ಇಷ್ಟವೋ ರಾತ್ರಿಯದೋ, ಜನರ ಜೊತೆ ಕೆಲಸ ಇಷ್ಟವೋ ಒಬ್ಬರೇ ಮಾಡುವುದೋ, ಕೇಳಿಯೇ ಕೇಳುತ್ತಾರೆ.

ಹಾಗಾಗಿ ಅವತ್ತು ಅದೇ ಪಾಠ. ‘ಐ ಪ್ರಿಫರ್ ಟೀ ಟು ಕಾಫಿ.’ ಎಲ್ಲರೂ ಒಕ್ಕೊರಲಿನಿಂದ ‘ದ್ಯಾನ್ ಕಾಫಿ’ ಅಂದರು. ಅವರ ತಪ್ಪೇನಿದೆ ಹೇಳಿ? ‘ಕಾಫಿಗಿಂತ ಟೀ ಇಷ್ಟ’ ಎಂದು ಹುಟ್ಟಿದಾಗಿನಿಂದ ಹೇಳಿದವರು ‘ಗಿಂತ’ ಇರುವ ಕಡೆಯೆಲ್ಲ ‘ದ್ಯಾನ್’ ಅಂಟಿಸುತ್ತಾರೆ. ಇಂಗ್ಲಿಷಿನವರಿಗೋ ಇಷ್ಟಪಡುವುದಕ್ಕೂ ನೂರು ಶಾಸ್ತ್ರ. ‘ಪ್ರಿಫರ್’ಗೆ ‘ಟು’, ‘ಫಾಂಡ್’ಗೆ ‘ಆಫ್’, ‘ಕೀನ್’ಗೆ ‘ಆನ್’, ಹುಚ್ಚೇ ಹಿಡಿದರೆ ‘ಕ್ರೇಜಿ ಅಬೌಟ್’. ಏಕೆ ಎಂದು ನನ್ನನ್ನು ಕೇಳಬೇಡಿ. ನನಗೂ ಗೊತ್ತಿಲ್ಲ, ಬೋರ್ಡಿನ ಮೇಲೆ ಬರೆದುಬಿಡುತ್ತೇನೆ.

‘ನಿಮ್ಮದೇ ಒಂದು ವಾಕ್ಯ ಹೇಳಿ’ ಅಂದೆ. ಒಬ್ಬ ಬಿರಿಯಾನಿ ಅಂದ, ಒಬ್ಬಳು ಬಸ್ಸು ಅಂದಳು. ಸುಮತಿ ಮಾತ್ರ ‘ಐ ಪ್ರಿಫರ್’ ಅಂದವಳು ಕಿಟಕಿಯ ಕಡೆ ನೋಡುತ್ತಾ ಕೂತಳು. ‘ಟು’ ಮರೆತಿರಬೇಕು ಅಂದುಕೊಂಡೆ. ಮುಂದಿನ ಶನಿವಾರ ಅವಳು ಬರಲೇ ಇಲ್ಲ. ಇಂಟರ್‌ವ್ಯೂ ತಲೆಯ ಮೇಲಿದೆ, ಫೋನ್ ಎತ್ತುತ್ತಿಲ್ಲ. ಮಧ್ಯಾಹ್ನ ನಾನೇ ಬಸ್ ಹತ್ತಿದೆ.

ಸುಮತಿಯದು ಅರವಂಕಾಡಿನ ಮೇಲ್ಗಡೆ, ನೀಲಗಿರಿಯ ಬಡಗ ಜನರ ಒಂದು ಹಟ್ಟಿ. ಒಂದಕ್ಕೊಂದು ಗೋಡೆ ತಾಗಿಸಿಕೊಂಡ ಸಾಲು ಮನೆಗಳು, ಹಿತ್ತಲ ಬಾಗಿಲಿನವರೆಗೂ ಟೀ ಗಿಡ. ಜಗಲಿಯ ಮೇಲೆ ಮಫ್ಲರ್ ಸುತ್ತಿಕೊಂಡ ಹಿರಿಯರೊಬ್ಬರು ಸಂತೆಚೀಲ ಪಕ್ಕಕ್ಕಿಟ್ಟು ಟೀ ಕುಡಿಯುತ್ತಿದ್ದರು. ಸುಮತಿಯ ತಾತ ಇರಬೇಕು ಎಂದುಕೊಂಡು ಕೈಮುಗಿದು ಒಳಗೆ ಹೋದೆ.

‘ಬಾ ಅಮ್ಮಾ, ಕುಳಿ’ ಎಂದು ಬಿಳಿ ಬಟ್ಟೆ ಉಟ್ಟ ಅಜ್ಜಿ ಕರೆದು ಕೂರಿಸಿದರು. ಅಜ್ಜಿಯನ್ನು ಅವರಲ್ಲಿ ಹೆತ್ತೆ ಎನ್ನುತ್ತಾರೆ. ಇವರು ಮಾದಿ ಹೆತ್ತೆ. (ಗುಂಡ್ಲುಪೇಟೆಯಿಂದ ತರಕಾರಿ ವ್ಯಾಪಾರಕ್ಕೆ ಬೆಟ್ಟ ಹತ್ತಿದ ಕನ್ನಡದವರ ಮಗಳು ನಾನು. ಬಡಗ ಮಾತು ನನ್ನ ಕಿವಿಗೆ ಬಿದ್ದ ಹಾಗೆ ಬರೆಯುತ್ತಿದ್ದೇನೆ. ತಪ್ಪಿದ್ದರೆ ಹಟ್ಟಿಯವರು ಬೈದುಕೊಳ್ಳಲಿ.)

ವಿಷಯ ಹೊರಬಿತ್ತು. ಸುಮತಿಗೆ ಮದುವೆ ಗೊತ್ತಾಗಿದೆ. ಹುಡುಗನಿಗೆ ಅರವಂಕಾಡಿನ ಫ್ಯಾಕ್ಟರಿಯಲ್ಲಿ ಕೆಲಸ.

‘ಒಳ್ಳೆಯವ, ಟೀಚರ್’ ಅಂದಳು ಸುಮತಿ.

‘ಮತ್ತೇನು?’

‘ನನಗ ಮನಸು ಇಲ್ಲೆ.’

ಆಗಷ್ಟೇ ಟೀ ಎಲೆ ತೂಗಿಸಿ ಬಂದಿದ್ದ ಅವಳ ಅಪ್ಪ ಬಾಗಿಲಲ್ಲೇ ಸಿಡುಕಿದರು. ‘ಏನ ಕೊರೆ ಹೇಗಲಿ, ಟೀಚರ್? ಕುಡಿತ ಇಲ್ಲೆ, ಸಿಗರೇಟ್ ಇಲ್ಲೆ. ಕೂನೂರುಲೆ ಮಂಡಪ ನೋಡಿಬುಟ್ಟೆ. ಈಗ ಬೇಡ ಎಂದರೆ ಜನ ಏನ ಹೇಗುವರು?’

ಕೊರೆ ಎಂದರೆ ಕೊರತೆ, ದೋಷ; ಹೇಗು ಎಂದರೆ ಹೇಳು. ಅಪ್ಪನ ಸಂಕಟ ನನಗೆ ಅರ್ಥವಾಯಿತು. ನಮ್ಮ ಮನೆಗಳಲ್ಲೂ ಹೀಗೇ ಅಲ್ಲವೇ? ಹುಡುಗ ಬೇಡ ಎನ್ನಲು ಅವನಲ್ಲಿ ಒಂದು ಹುಳುಕು ಹುಡುಕಲೇಬೇಕು. ಜಾತಕ ಕೂಡಲಿಲ್ಲ, ಎತ್ತರ ಸಾಲದು, ಅತ್ತೆ ಜೋರು. ಏನೂ ಸಿಗದಿದ್ದರೆ ಹುಡುಗಿಯಲ್ಲೇ ಹುಳುಕು ಇರಬೇಕು ಎಂದು ಊರು ತೀರ್ಮಾನಿಸುತ್ತದೆ. ಸುಮತಿ ಕ್ಲಾಸಿನಲ್ಲಿ ಮಾತು ನಿಲ್ಲಿಸಿದ್ದು ‘ಟು’ ಮರೆತು ಅಲ್ಲ ಎಂದು ಆಗ ಹೊಳೆಯಿತು.

ಮಾತು ಬದಲಿಸಲೆಂದೋ ಏನೋ, ಹೆತ್ತೆ ನನ್ನನ್ನು ಕೇಳಿದರು. ‘ನೀ ಕೂಸುಗ ಏನ ಪಾಠ ಮಾಡುವೆ?’

ಹೇಳಿದೆ. ಎರಡು ಇದ್ದಾಗ ಇದು ನನಗೆ ಹೆಚ್ಚು ಇಷ್ಟ ಎಂದು ಹೇಳುವುದು ಹೇಗೆ ಅಂತ.

ಹೆತ್ತೆ ಬೊಚ್ಚು ಬಾಯಲ್ಲಿ ನಕ್ಕರು. ‘ಅದ ಹೇಗೋದುಗ ಇಂಗ್ಲಿಷ್ ಏತಕ? ನಾ ಆಗಲೇ ಹೇಗಿದೆ!’

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಅವರ ಕಾಲದಲ್ಲಿ ಹುಡುಗಿ ಗಂಡಿನ ಮನೆಗೆ ಹೋಗಿ, ಹೊಳೆಯಿಂದ ಕೊಡದಲ್ಲಿ ನೀರು ಹೊತ್ತು ತಂದರೆ ಆ ಮನೆಯ ಸೊಸೆ. ಆದರೆ ಕೊರಳಿಗೆ ದಾರ ಕಟ್ಟುವ ಶಾಸ್ತ್ರ ಅವತ್ತೇ ಅಲ್ಲ. ಅದು ಹುಡುಗಿ ಬಸುರಿಯಾಗಿ ತಿಂಗಳು ತುಂಬುತ್ತ ಬಂದಾಗ. ಅಲ್ಲಿಯವರೆಗೆ ಮನಸ್ಸು ನಿಲ್ಲದಿದ್ದರೆ ಅವಳು ತವರಿಗೆ ಹಿಂದಿರುಗಬಹುದು. ಕಾರಣ ಕೊಡಬೇಕಾಗಿಲ್ಲ. ಹಿಂದೆ ಬಂದವಳನ್ನು ಯಾರೂ ಬಿಟ್ಟವಳು, ಕೆಟ್ಟವಳು ಅನ್ನುವುದಿಲ್ಲ. ಮತ್ತೊಂದು ಮನೆಯ ನೀರು ಹೊರಬಹುದು.

ಮಾದಿ ಹೆತ್ತೆ ಹಾಗೇ ಮಾಡಿದ್ದರು. ಮೊದಲು ಹೋದ ಮನೆಯಲ್ಲಿ ಒಂದು ಆಲೂಗಡ್ಡೆ ಬೆಳೆ ಕೀಳುವವರೆಗೆ ಇದ್ದರು. ಯಾರೂ ಬೈದಿರಲಿಲ್ಲ, ಹೊಡೆದಿರಲಿಲ್ಲ. ‘ಮನಸು ಇಲ್ಲೆ, ಬಂದುಬುಟ್ಟೆ’ ಅಂದರು, ಅಷ್ಟೇ. ಆ ಮನೆಯ ಅತ್ತೆ ಹೊಲದ ಅಂಚಿನವರೆಗೆ ಬಂದು ಕಳಿಸಿಕೊಟ್ಟರಂತೆ. ಆಮೇಲೆ ಸುಮತಿಯ ತಾತನ ಮನೆಗೆ ನೀರು ಹೊತ್ತರು, ಮಕ್ಕಳನ್ನು ಹೆತ್ತರು. ಆ ತಾತ ತೀರಿಕೊಂಡು ಬಹಳ ಕಾಲವಾಯಿತು.

ತೀರಿಕೊಂಡರೇ? ಹಾಗಾದರೆ ಜಗಲಿಯ ಮೇಲಿರುವವರು?

‘ಹೆತ್ತೆ, ಮೊದಲ ಮನೆಯವರು ಆಮೇಲೆ ಏನಾದರು?’ ಎಂದು ಕೇಳಿದೆ.

ಹೆತ್ತೆ ಕೈಲಿದ್ದ ಲೋಟವನ್ನೇ ಬಾಗಿಲ ಕಡೆ ತೋರಿಸಿದರು. ‘ಅದೇ, ಟೀ ಕುಡಿತಾ ಇದ್ದಾರಲ್ಲ.’

ಸತ್ಯವಾಗಿ ಹೇಳುತ್ತೇನೆ, ಎದ್ದು ಹೋಗಿ ಆ ಮನುಷ್ಯನನ್ನು ಇನ್ನೊಮ್ಮೆ ನೋಡಿ ಬಂದೆ. ಹೆಸರು ನಂಜ ಗೌಡರು, ಪಕ್ಕದ ಹಟ್ಟಿಯವರು. ಶನಿವಾರದ ಸಂತೆ ಮುಗಿಸಿ ಬಸ್ಸಿಳಿದರೆ ಇಲ್ಲಿ ಟೀ ಕುಡಿಯದೆ ಮುಂದೆ ಹೋಗುವುದಿಲ್ಲ. ತಾವೂ ಮದುವೆಯಾದರು, ಮೊಮ್ಮಕ್ಕಳಿದ್ದಾರೆ. ಸುಮತಿಯ ತಾತ ಹೋದಾಗ ಮೊದಲು ಬಂದು ಹೆಗಲು ಕೊಟ್ಟವರೂ ಇವರೇ. ನಾವು ಫೇಸ್‌ಬುಕ್ಕಿನಲ್ಲಿ ಒಂದು ಲೈಕ್ ಒತ್ತದವರನ್ನು ವರ್ಷಗಟ್ಟಲೆ ಮಾತಾಡಿಸುವುದಿಲ್ಲ! ಈ ಮನುಷ್ಯ ತನ್ನನ್ನು ಬೇಡವೆಂದ ಹೆಣ್ಣಿನ ಕೈಯ ಟೀ ಕುಡಿದು, ‘ಸಕ್ಕರೆ ಜಾಸ್ತಿ’ ಎಂದು ದೂರುತ್ತ ಕೂತಿದ್ದಾರೆ. ಇದು ಯಾವ ಲೋಕ?

ಒಳಗಿನ ಮಾತೆಲ್ಲ ಅವರ ಕಿವಿಗೆ ಬಿದ್ದಿತ್ತು. ಎದ್ದು ಒಳಗೆ ಬಂದರು. ಸುಮತಿಯ ಅಪ್ಪನ ಎದುರು ನಿಂತರು.

‘ನೀ ಹೋಗ ಬೇಡ. ಹುಡುಗನ ಮನೆಗ ನಾ ಹೋಗುವೆ.’

‘ಹೋಗಿ ಏನ ಹೇಗುವೆ, ಮಾಮಾ?’

‘ನಿಂಗಳಲ್ಲಿ ಕೊರೆ ಇಲ್ಲೆ, ಕೂಸುಗ ಮನಸು ಇಲ್ಲೆ. ಅಷ್ಟೇ. ಬೇಡ ಎನಿಸಿಕೊಂಡವ ನಾನೇ ಇದ್ದೆ. ಸತ್ತೆನಾ? ನೋಡು, ಟೀ ಕುಡಿತೆ.’

ಸುಮತಿ ಮುಂದೆ ಬಂದು ತಲೆ ಬಾಗಿಸಿದಳು. ಕಿರಿಯರು ಬಾಗಿದರೆ ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸುವುದು ಅಲ್ಲಿನ ರೂಢಿ. ನಂಜ ಗೌಡರು ಅವಳ ತಲೆ ಮುಟ್ಟಿ ‘ಒಳ್ಳಿತಾಗಲಿ’ ಅಂದರು. ನನಗೆ ಕಣ್ಣು ತುಂಬಿ ಬಂತು, ಅಡಗಿಸಲು ಹೋಗಲಿಲ್ಲ.

ಅವರು ಹೇಳಿದ ಹಾಗೇ ಹೋಗಿ ಬಂದರಂತೆ. ಹುಡುಗನ ತಾಯಿ ಮೊದಲು ಮುಖ ತಿರುಗಿಸಿದರಂತೆ. ಆಮೇಲೆ ಇವರು ಯಾರು, ಯಾರಿಗಾಗಿ ಬಂದಿದ್ದಾರೆ ಎಂದು ತಿಳಿದ ಮೇಲೆ ಕುರ್ಚಿ ಹಾಕಿ ಕೂರಿಸಿದರಂತೆ. ಸುಮತಿಯ ಅಪ್ಪ ಇನ್ನೂ ಗುರ್ ಅನ್ನುತ್ತಿದ್ದಾರೆ. ಅನ್ನಲಿ ಬಿಡಿ, ಮಂಡಪಕ್ಕೆ ಓಡಾಡಿದವರು ಅವರೇ ತಾನೆ.

ಇಂಟರ್‌ವ್ಯೂ ಮುಗಿಸಿ ಸುಮತಿ ಫೋನ್ ಮಾಡಿದಳು. ‘ಟೀಚರ್, ಪ್ರಿಫರ್ ಕೇಳಿದರು. ದ್ಯಾನ್ ಎಂದುಬುಟ್ಟೆ!’

‘ಆಮೇಲೆ?’

‘ಮುಂದಿನ ವಾರ ಬಾ ಎಂದರು, ಕೆಲಸಕ್ಕೆ.’

ನಾನು ತಿದ್ದಲಿಲ್ಲ. ತಿದ್ದುವ ಮನಸ್ಸೇ ಬರಲಿಲ್ಲ. ಹಳೆಯ ಕಾಲ, ಹಳೆಯ ಜನ ಎಂದು ಮಾತೆತ್ತಿದರೆ ಮೂಗು ಮುರಿಯುತ್ತೇವೆ. ಮದುವೆಗೆ ಡ್ರೋನ್ ಹಾರಿಸುವ ನಮ್ಮ ಕಾಲದಲ್ಲಿ ಒಬ್ಬ ಹುಡುಗಿ ‘ಮನಸ್ಸಿಲ್ಲ’ ಎನ್ನಲು ಹಿಂದೆಮುಂದೆ ನೋಡುತ್ತಾಳೆ. ಕೊಡ ಹೊತ್ತ ಕಾಲದ ಹುಡುಗಿ ಅದನ್ನು ಹೇಳಿದ್ದಳು. ಕೇಳಿಸಿಕೊಂಡವನು ಕತ್ತಿ ಮಸೆಯಲಿಲ್ಲ, ಕಣ್ಣೀರಿಡುತ್ತ ಊರು ಬಿಡಲೂ ಇಲ್ಲ. ಸಂತೆಯಿಂದ ಬರುವ ದಾರಿಯಲ್ಲಿ ಅವಳ ಜಗಲಿಗೆ ಬಂದು ಕೂತ.

ಇಂಗ್ಲಿಷಿನಲ್ಲಿ ‘ಪ್ರಿಫರ್’ ಆದ ಮೇಲೆ ಯಾವ ಪದ ಬರಬೇಕು ಎಂಬುದನ್ನು ಹೇಗೋ ಕಲಿಯಬಹುದು. ನಿಮ್ಮ ಮನೆಯಲ್ಲಿ ಬೇಡ ಎನಿಸಿಕೊಂಡವರು ಯಾರಾದರೂ ಶನಿವಾರ ಟೀ ಕುಡಿಯಲು ಬರುತ್ತಾರೆಯೇ?