ಮಣ್ಣಿನ ಮಿಸ್

ಎಲ್ಲರ ಬಾಯಲ್ಲೂ ‘ಮಣ್ಣಿನ ಮಿಸ್’ ಆಗಿಹೋಗಿರುವ ಆ ಟೀಚರ ತರಗತಿಯನ್ನು ಗುಡಿಸುವ ಕೆಲಸ ಶಿಶುವಿಹಾರದ ಆಯಾಗೆ ಇಲ್ಲವೇ ಇಲ್ಲ. ಮಿಸ್ ಒಳಗೆ ಇದ್ದರೆ ತಾನೆ! ಹಾಜರಿ ಮುಗಿಯುವುದೇ ತಡ, ಇಪ್ಪತ್ತು ಪುಟಾಣಿಗಳನ್ನು ಬಾಲದಂತೆ ಕಟ್ಟಿಕೊಂಡು ಹಿತ್ತಲಿನ ಮರದಡಿಗೆ ಹೊರಟುಬಿಡುತ್ತಾರೆ. ಅಲ್ಲಿ ಉದುರಿದ ಎಲೆಗಳೇ ಲೆಕ್ಕ, ಕೆಸರಿನಲ್ಲಿ ಕೋಲಿನಿಂದ ಗೀಚಿದ್ದೇ ಅಕ್ಷರ. ಇರುವೆ ಸಾಲು ಅಡ್ಡ ಬಂದರೆ ಎಲ್ಲರೂ ನಿಂತು ದಾರಿ ಬಿಡಬೇಕು. ಒಮ್ಮೆ ಹೆಡ್‌ಮಾಸ್ಟರನ್ನೂ ಹಾಗೆಯೇ ಕಾಲು ಗಂಟೆ ನಿಲ್ಲಿಸಿದ್ದರು. “ಯೂನಿಫಾರಂ ಗತಿ ನೋಡಿ ಮಿಸ್!” ಎಂದು ತಾಯಂದಿರು ಸಿಡುಕಿದರೆ, “ಒಗೆದ್ರೆ ಹೋಗತ್ತೆ ಬಿಡ್ರಮ್ಮ” ಎಂದು ತಮ್ಮ ಬಟ್ಟೆಯ ಕೆಸರನ್ನೇ ತೋರಿಸಿ ನಗುತ್ತಾರೆ. ಮೊನ್ನೆ ಪುಟ್ಟ ಹುಡುಗಿಯೊಬ್ಬಳು ಗೇಣುದ್ದದ ಎರೆಹುಳುವನ್ನು ತಂದು ಅವರ ಅಂಗೈಗೆ ಹಾಕಿದಳು. ಮಿಸ್ ನಗುನಗುತ್ತಲೇ, ಅದು ಮಣ್ಣನ್ನು ಹೇಗೆ ಹದ ಮಾಡುತ್ತದೆಂದು ಹೇಳಿ, ಎಲ್ಲರಿಂದಲೂ ಮುಟ್ಟಿಸಿ, ಮೆಲ್ಲಗೆ ನೆಲಕ್ಕೆ ಬಿಟ್ಟರು. ಮಕ್ಕಳು ಊಟಕ್ಕೆ ಓಡಿದ ಮೇಲೆ ಆಯಾ ನೋಡುತ್ತಾಳೆ, ನಲ್ಲಿಯ ಕೆಳಗೆ ಒಡ್ಡಿದ ಮಿಸ್ ಕೈಗಳು ಗಡಗಡ ನಡುಗುತ್ತಿವೆ. “ಅಯ್ಯೋ ಮಿಸ್, ನಿಮಗೆ ಹುಳ ಅಂದ್ರೆ ಭಯಾನಾ?” “ಜೀವಾನೇ ಹೋಗತ್ತೆ ಕಣಮ್ಮ. ಹುಳ ಕಂಡ್ರೆ ನಮ್ಮಮ್ಮ ಕಿರುಚೋರು. ಅವರನ್ನ ನೋಡಿ ನಾನೂ ಕಲಿತುಬಿಟ್ಟೆ. ಈ ಮಕ್ಕಳು ಅದನ್ನ ನನ್ನಿಂದ ಕಲೀಬಾರದು.” ಆಯಾ ಆ ಒದ್ದೆ ಕೈಗಳನ್ನು ಟವೆಲಿನಲ್ಲಿ ಸುತ್ತಿ ಹಿಡಿದುಕೊಂಡವಳು, ನಡುಕ ನಿಲ್ಲುವವರೆಗೂ ಬಿಡಲಿಲ್ಲ.