ಪುಟ್ಟರಾಜು ಕುಡಿದಿರಲಿಲ್ಲ

ಕಳೆದ ವರ್ಷ ಮಗಳ ಮದುವೆಯಲ್ಲಿ ನನ್ನ ತಮ್ಮನನ್ನು ನಾನೇ ಊಟದ ಹಾಲ್‌ನಿಂದ ಹೊರಗೆ ಕಳಿಸಿದೆ.

ಪುಟ್ಟರಾಜು ನನ್ನ ಚಿಕ್ಕಪ್ಪನ ಮಗ. ಹೊಳೆನರಸೀಪುರದ ಹತ್ತಿರ ಹರದನಹಳ್ಳಿಯಲ್ಲಿ ಗಾರೆ ಮೇಸ್ತ್ರಿ. ಅವತ್ತು ಸಾಲುಗಳ ನಡುವೆ ತೂರಾಡುತ್ತಾ ಬಂದವನು ಬೀಗರ ಎಲೆಯ ಮೇಲೆ ಕೈಯೂರಿಬಿಟ್ಟ. ಪಾಯಸವೆಲ್ಲ ಅವರ ಪಂಚೆಗೆ. ತೋಳು ಹಿಡಿದು ಪಕ್ಕಕ್ಕೆ ಎಳೆದೆ. ಇವತ್ತಾದರೂ ಕುಡಿಯದೇ ಬರೋಕೆ ಆಗಲಿಲ್ವಾ ಅಂದೆ.

ಅವನು ಗೋಡೆ ಹಿಡಿದುಕೊಂಡು ಹೊರಟುಹೋದ.

(ಬಾಯಿಂದ ವಾಸನೆ ಬರುತ್ತಿರಲಿಲ್ಲ. ಅದು ಆಗಲೇ ನನ್ನ ಗಮನಕ್ಕೆ ಬಂದಿತ್ತು. ಆದರೆ ಬೀಗರು ನೋಡುತ್ತಿದ್ದರಲ್ಲ?)

ಅದಕ್ಕೂ ಎರಡು ವರ್ಷ ಮೊದಲಿನಿಂದ ಅವನ ಬಲಗಿವಿಯಲ್ಲಿ ಗುಂಯ್ ಅನ್ನುವ ಸದ್ದು, ಬರಬರುತ್ತಾ ಆ ಕಿವಿ ಕೇಳಿಸುವುದೇ ನಿಂತಿತು. ಜೊತೆಗೆ ತಲೆಸುತ್ತು. ಡ್ರಾಪ್ಸ್ ಹಾಕಿಕೊಂಡ, ಮಾತ್ರೆ ನುಂಗಿದ. ಒಂದು ದಿನ ಗಾರೆ ಕೆಲಸಕ್ಕೆ ಕಟ್ಟಿದ್ದ ಸಾರುವೆಯಿಂದ ಬಿದ್ದ. ಕುಡುಕನ ಸಹವಾಸ ಬೇಡ ಅಂತ ಕಂಟ್ರಾಕ್ಟರ್ ಕರೆಯುವುದನ್ನೇ ಬಿಟ್ಟ. ಹೆಂಡತಿ ರತ್ನ ದಿನಾ ಸಂಜೆ ಬಾಯಿ ಮೂಸಿ ನೋಡುತ್ತಿದ್ದಳಂತೆ. ವಾಸನೆ ಸಿಗದಿದ್ದರೆ, ಏಲಕ್ಕಿ ಅಗಿದು ಬಂದಿದ್ದಾನೆ ಅಂದುಕೊಳ್ಳುತ್ತಿದ್ದಳಂತೆ.

ಮದುವೆಯ ಅವಮಾನ ಅವಳಿಗೂ ತಾಗಿತ್ತು. ಕುಡಿತ ಬಿಡಿಸಬೇಕು ಅಂತಲೇ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನವರು ಅವನ ಮಾತು ಪೂರ್ತಿ ಕೇಳಿ ಕಿವಿ ಡಾಕ್ಟರ್ ಹತ್ತಿರ ಕಳಿಸಿದರು. ಆ ಡಾಕ್ಟರಮ್ಮ, ಕೆಮ್ಮಿದರೆ ತಲೆಯ ಹಿಂಭಾಗ ನೋಯುತ್ತಾ ಅಂತ ಕೇಳಿದರಂತೆ. ಹೌದು ಅಂದ. ಅದನ್ನು ಯಾರೂ ಕೇಳಿಯೇ ಇರಲಿಲ್ಲ.

ಸ್ಕ್ಯಾನ್ ಆಯಿತು. ಮೆದುಳಿನಲ್ಲಿ ಬ್ಯಾಲೆನ್ಸ್ ನೋಡಿಕೊಳ್ಳುವ ಭಾಗದ ಕೆಳತುದಿ, ಬುರುಡೆಯ ತಳದ ತೂತಿನಿಂದ ಕತ್ತಿನೊಳಗೆ ಇಳಿದಿತ್ತು. ಕಿಯಾರಿ ಅಂತ ಅದರ ಹೆಸರು. ಹುಟ್ಟಿನಿಂದಲೇ ಹಾಗಿದ್ದಿರಬೇಕು, ಈಗ ತೊಂದರೆ ಕೊಡುತ್ತಿದೆ ಅಂದರಂತೆ.

ರತ್ನ ಆಸ್ಪತ್ರೆಯ ಕಾರಿಡಾರ್‌ನಿಂದಲೇ ನನಗೆ ಫೋನ್ ಮಾಡಿದಳು. ಅಳುತ್ತಿದ್ದಳು. "ಕುಡ್ದಿರ್ಲಿಲ್ಲ ಕಣ್ ಭಾವ. ಒಂದಿನಾನೂ ಕುಡ್ದಿರ್ಲಿಲ್ಲ."

ಆಪರೇಷನ್ ಆಯಿತು. ತಲೆನೋವು ಹೋಯಿತು. ತೂರಾಟ ಪೂರ್ತಿ ಹೋಗಲಿಲ್ಲ. ಬಲಗಿವಿ ವಾಪಸ್ ಬರಲಿಲ್ಲ. ಸಾರುವೆ ಹತ್ತುವ ಕೆಲಸ ಮುಗಿಯಿತು. ನಲವತ್ತೊಂದನೇ ವಯಸ್ಸಿಗೆ.

ಹೋದ ಭಾನುವಾರ ಹರದನಹಳ್ಳಿಗೆ ಹೋಗಿದ್ದೆ. ಜಗಲಿಯ ಮೇಲೆ ಅವನ ಪಕ್ಕ ಕೂತು, ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನು ಮೆಲ್ಲಗೆ ಹೇಳಿದೆ. ತಪ್ಪಾಯಿತು ಕಣೋ, ಅವತ್ತು ಹಾಗನ್ನಬಾರದಿತ್ತು ಅಂದೆ. ನಾನು ಕೂತಿದ್ದು ಅವನ ಬಲಕ್ಕೆ.

"ಏನಂದೆ ಅಣ್ಣ? ಈ ಕಡೆ ಬಂದು ಯೋಳು."

ಎದ್ದು ಎಡಗಡೆಗೆ ಹೋದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಮೋಡ ಕಟ್ಟಿದೆ ಅಂದೆ, ಅಷ್ಟೇ. ಹೌದು ಅಂತ ಅವನೂ ತಲೆಯಾಡಿಸಿದ.

'ತಪ್ಪಾಯಿತು' ಅನ್ನುವುದನ್ನು ಎರಡನೇ ಸಲ, ಕೇಳಿಸುವ ಹಾಗೆ ಹೇಳುವುದು ಯಾಕಿಷ್ಟು ಕಷ್ಟ?