ರಸ್ತೆಯ ಮೇಲಿನ ಲಕ್ಷ್ಯ

ಸ್ಟೇರಿಂಗ್ ಹಿಡಿದು ಕೂತರೆ ನಮ್ಮ ಮಾವನವರ ಕತ್ತು ಗುಬ್ಬಿಯ ಕತ್ತಿನಂತೆ ಆಡುತ್ತಿತ್ತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಕನ್ನಡಿಗೊಮ್ಮೆ. ದಪ್ಪ ಕನ್ನಡಕ ಮೂಗಿನ ತುದಿಗೆ ಜಾರಿದರೂ ಕೈ ಎತ್ತುತ್ತಿರಲಿಲ್ಲ. ಅದನ್ನು ಮೇಲೇರಿಸಲು ಸಿಗ್ನಲ್ಲು ಕೆಂಪಾಗುವವರೆಗೆ ಕಾಯುತ್ತಿದ್ದರು.

ಅವರು ಬೆಳಗಾವಿಯಿಂದ ಬಂದು ಪುಣೆಯಲ್ಲಿ ವಕೀಲಿ ಮಾಡಿದವರು. ತೊಂಬತ್ತರ ದಶಕದಲ್ಲಿ ನಾನು ಧಾರವಾಡದಿಂದ ಸೊಸೆಯಾಗಿ ಬಂದೆ. ನನಗೆ ಕಾರು ಕಲಿಯುವ ಆಸೆಯಿದೆಯೆಂದು ಅತ್ತೆಯಿಂದ ತಿಳಿದದ್ದೇ ತಡ, ಮರುದಿನವೇ ಪಾಠ ಶುರುವಾಯಿತು. ಗೇರು, ಕ್ಲಚ್ಚು ಎಲ್ಲ ಆಮೇಲೆ. ಮೊದಲು ಪಕ್ಕದಲ್ಲಿ ಕೂತು ಕಂಡದ್ದನ್ನೆಲ್ಲ ಹೇಳುತ್ತ ಹೋಗಬೇಕು: ನಿಂತ ಬಸ್ಸಿನ ಕೆಳಗೆ ಯಾರದೋ ಕಾಲು, ಬದಿಗೆ ನಿಂತ ಕಾರಿನೊಳಗೊಂದು ತಲೆ, ಅಂದರೆ ಬಾಗಿಲು ತೆರೆದೀತು.

ಕಾತ್ರಜದ ಕಡೆ ಹೋಗುವ ನಮ್ಮ ದಾರಿಯಲ್ಲಿ ಅಗಲವಾದ, ನೇರವಾದ ರಸ್ತೆಯೊಂದಿತ್ತು. ಪೈಪು ಹಾಕಲು ಅಗೆದಾಗ ನೆಟ್ಟ 'ವೇಗ ೨೦' ಎಂಬ ಫಲಕ ಕೆಲಸ ಮುಗಿದು ಎಷ್ಟೋ ಕಾಲವಾದರೂ ಹಾಗೇ ಉಳಿದಿತ್ತು. ಯಾರೂ ಅದನ್ನು ಲೆಕ್ಕಿಸುತ್ತಿರಲಿಲ್ಲ. ಮಾವನವರೊಬ್ಬರೇ ಇಪ್ಪತ್ತರಲ್ಲಿ ಹೋಗುವವರು. ಹಿಂದಿನವರೆಲ್ಲ ಹಾರ್ನು ಬಾರಿಸಿ, ಬೈದು, ಪಕ್ಕದಿಂದ ನುಗ್ಗುತ್ತಿದ್ದರು. ನಾನು ನಾಚಿ ತಲೆ ತಗ್ಗಿಸುತ್ತಿದ್ದೆ.

ಕೊನೆಗೊಂದು ಬೆಳಿಗ್ಗೆ ಅಲ್ಲಿ ನಿಂತಿದ್ದ ಟ್ರಾಫಿಕ್ ಅಧಿಕಾರಿಯನ್ನು ಅವರು ಮರಾಠಿಯಲ್ಲಿ ವಿನಯದಿಂದ ಕರೆದು, ನಮ್ಮ ಕಾರನ್ನು ನೀವೇ ಒಮ್ಮೆ ಇಪ್ಪತ್ತರಲ್ಲಿ ಓಡಿಸಿ ತೋರಿಸಿ ಎಂದರು. ಆತ ನಗುತ್ತಲೇ ಒಪ್ಪಿ ಕೂತ. ನಾನು ಹಿಂದಿನ ಸೀಟಿನಲ್ಲಿದ್ದೆ. ಮುಳ್ಳು ಇಪ್ಪತ್ತು ದಾಟದಂತೆ ಕಾಯುತ್ತ ಆತ ಮೀಟರನ್ನೇ ನೋಡತೊಡಗಿದ. ಅಷ್ಟರಲ್ಲಿ ಗಲ್ಲಿಯಿಂದ ಹುಡುಗಿಯೊಬ್ಬಳು ಸೈಕಲ್ಲಿನಲ್ಲಿ ಅಡ್ಡ ಬಂದಳು.

"ಸಾಹೇಬ, ಬ್ರೇಕ್," ಎಂದರು ಮಾವನವರು, ದನಿ ಏರಿಸದೆ.

ಕಾರು ನಿಂತಿತು. ಹುಡುಗಿ ನಮ್ಮತ್ತ ತಿರುಗಿಯೂ ನೋಡದೆ ಹೋದಳು. ಅಧಿಕಾರಿ ಹಣೆ ಒರೆಸಿಕೊಂಡ. ಮಾವನವರು ವಾದ ಬೆಳೆಸಲಿಲ್ಲ. ಆ ಫಲಕ ನಿಮ್ಮ ಕಣ್ಣನ್ನು ರಸ್ತೆಯಿಂದ ಕಿತ್ತುಕೊಂಡಿತು, ಅಷ್ಟೇ ಎಂದರು. ನಂತರ ಆತನನ್ನು ಮುಂದಿನ ತಿರುವಿಗೆ ಕರೆದೊಯ್ದರು. ಅಲ್ಲಿ ಶಾಲೆಯ ಗೇಟಿತ್ತು, ಫಲಕವಿರಲಿಲ್ಲ. ಇಪ್ಪತ್ತು ಬೇಕಾದದ್ದು ಇಲ್ಲಿ ಎಂದು ತೋರಿಸಿದರು. ಕೆಲವು ವಾರಗಳ ಮೇಲೆ ಅದೇ ಫಲಕ ಶಾಲೆಯ ಮುಂದೆ ಬಂದು ನಿಂತಿತು. ಅಲ್ಲಿ ಜನ ನಿಧಾನವಾದರು. ಯಾಕೆಂದು ಎಲ್ಲರಿಗೂ ಕಣ್ಣಿಗೆ ಕಾಣುತ್ತಿತ್ತಲ್ಲ.

"ಮತ್ತ ಇಷ್ಟು ದಿನಾ ಆ ರೂಲ್ ಯಾಕ ಪಾಲಿಸಿದ್ರಿ, ಮಾವಾರ?" ಎಂದು ಕೇಳಿದ್ದೆ.

"ಮುರದು ಜಗಳಾಡಿದ್ರ ನಾ ಆರೋಪಿ. ಪಾಲಿಸಿ ಜಗಳಾಡಿದ್ರ ವಕೀಲ."

ಎರಡು ಸಾವಿರದ ಇಸವಿಯ ನಂತರದ ಮಾತು. ಪುಣೆಯದೇ ಮಗರಪಟ್ಟಾದಲ್ಲಿದ್ದ ತಮ್ಮ ಮಗಳ ಮನೆಯಿಂದ ಒಂದು ದಿನ ಒಬ್ಬರೇ ಮರಳಿದವರು ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟರು. ದಾರಿಯಲ್ಲಿ ಸಿಗ್ನಲ್ಲು ಹಸಿರಾದಾಗ ಗಾಡಿ ಮುಂದೆ ಬಿಟ್ಟಿದ್ದರು. ಇನ್ನೂ ರಸ್ತೆ ದಾಟುತ್ತಿದ್ದ ಮುದುಕಿ ಬಾನೆಟ್ಟಿಗೆ ಕೈಬಡಿದಾಗಲೇ ಅವಳು ಇವರಿಗೆ ಕಂಡದ್ದು. ಅವಳಿಗೇನೂ ಆಗಿರಲಿಲ್ಲ. ಲೈಸೆನ್ಸಿನ ಅವಧಿ ಇನ್ನೂ ಇದೆಯಲ್ಲ ಎಂದು ನನ್ನ ಗಂಡ ಸಮಾಧಾನ ಹೇಳಿದರು.

"ಲೈಸೆನ್ಸ್ ಅದ, ಲಕ್ಷ್ಯ ಹೋತು," ಎಂದರು ಮಾವನವರು. ನನ್ನ ಕಡೆ ತಿರುಗಿ, "ಇನ್ನ ನೀನ ಹೊಡಿಯವಾ," ಎಂದರು.

ಮತ್ತೆಂದೂ ಅವರು ಸ್ಟೇರಿಂಗ್ ಮುಟ್ಟಲಿಲ್ಲ.

ತೀರಿಕೊಳ್ಳುವ ಹಿಂದಿನ ಚಳಿಗಾಲ ಅವರನ್ನು ಬೆಳಗಾವಿಗೆ ಕರೆದೊಯ್ದೆ. ಕಾತ್ರಜದ ಘಾಟಿನಲ್ಲಿ ಲಾರಿಯೊಂದು ತೆವಳುತ್ತಿತ್ತು. ತಿರುವಿನಾಚೆ ಏನೂ ಕಾಣದ್ದರಿಂದ ಅದರ ಹಿಂದೆಯೇ ಉಳಿದೆ. ಮೆಚ್ಚಿದರೋ ಎಂದು ಪಕ್ಕಕ್ಕೆ ನೋಡುವ ಆಸೆಯಾಯಿತು, ನೋಡಲಿಲ್ಲ. ಘಾಟು ಇಳಿದು ಚಹಕ್ಕೆಂದು ನಿಲ್ಲಿಸಿ ತಿರುಗಿದೆ. ಇನ್ನೊಬ್ಬರು ಹೊಡೆಯುವ ಗಾಡಿಯಲ್ಲಿ ಜನ್ಮದಲ್ಲಿ ರೆಪ್ಪೆ ಮುಚ್ಚದವರು, ಮಡಿಲಲ್ಲಿ ಕೈಯಿಟ್ಟುಕೊಂಡು, ಮಗುವಿನಂತೆ ನಿದ್ದೆ ಹೋಗಿದ್ದರು.